‘ಮಾಡಲಾಯಿತು’ ಅಂತ ಬರೆಯಬೇಡಿ: ಕೆನಡಾಕ್ಕೆ ಹೊರಟ ಎಂಜಿನಿಯರುಗಳಿಗೆ

ಭಾನುವಾರ ಬೆಳಿಗ್ಗೆ ಬೆಳಗಾವಿಯ ಟಿಳಕವಾಡಿಯ ನಮ್ಮ ಮನೆಗೆ ಯಾರಾದರೂ ಒಬ್ಬಿಬ್ಬರು ಫೈಲ್ ಹಿಡಿದುಕೊಂಡು ಬರುತ್ತಾರೆ. ಕೆನಡಾಕ್ಕೆ ಹೋಗಬೇಕು, ಅಲ್ಲಿ ಎಂಜಿನಿಯರ್ ಆಗಿಯೇ ದುಡಿಯಬೇಕು ಅನ್ನುವವರು. ನಾನು ಇಲ್ಲಿಯ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ, ಅಂದರೆ ಎರಕದ ಕಾರ್ಖಾನೆಯಲ್ಲಿ, ಆರು ವರ್ಷ ಕೆಲಸ ಮಾಡಿ, ಆಮೇಲೆ ಒಂಟಾರಿಯೋದಲ್ಲಿ ಲೈಸೆನ್ಸ್ ಪಡೆದವಳು. ಅವ್ವನನ್ನು ನೋಡಿಕೊಳ್ಳಲು ಈಗ ಊರಿಗೆ ಬಂದಿದ್ದೇನೆ. ಅಲ್ಲಿ ನಾನು ಸುಮ್ನೆ ಕಳೆದ ತಿಂಗಳುಗಳಲ್ಲಿ ಅರ್ಧಕ್ಕಿಂತ ಜಾಸ್ತಿ, ಬೆಳಗಾವಿಯಲ್ಲೇ ತಯಾರಿ ಮಾಡಿಕೊಂಡಿದ್ದರೆ ಉಳಿಯುತ್ತಿದ್ದವು.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳಿ. ವಲಸೆ ಅರ್ಜಿಗೆ ಡಬ್ಲ್ಯೂಇಎಸ್‌ನಂಥ ಸಂಸ್ಥೆ ಕೊಡುವ ಪದವಿ ಮೌಲ್ಯಮಾಪನ ಬೇರೆ, ಎಂಜಿನಿಯರ್ ಲೈಸೆನ್ಸ್ ಬೇರೆ. ಮೊದಲನೆಯದು ನಿಮ್ಮ ಬಿಇ ಅಲ್ಲಿನ ಯಾವ ಪದವಿಗೆ ಸಮ ಅಂತ ಹೇಳುತ್ತದೆ. ಆ ವರದಿ ಐದು ವರ್ಷ ಚಾಲ್ತಿಯಲ್ಲಿರುತ್ತದೆ. ಲೈಸೆನ್ಸ್ ಕೊಡುವುದು ಆಯಾ ಪ್ರಾಂತ್ಯದ ಸಂಸ್ಥೆ. ಒಂಟಾರಿಯೋದಲ್ಲಿ ಪಿಇಒ, ಆಲ್ಬರ್ಟಾದಲ್ಲಿ ಅಪೇಗಾ. ಹಾಗಂತ ಲೈಸೆನ್ಸ್ ಬರುವ ತನಕ ಕೈಕಟ್ಟಿ ಕೂರಬೇಕಿಲ್ಲ. ಲೈಸೆನ್ಸ್ ಇರುವವರ ಮೇಲ್ವಿಚಾರಣೆಯಲ್ಲಿ ಎಂಜಿನಿಯರಿಂಗ್ ಕೆಲಸ ಮಾಡಬಹುದು. ಆದ್ದರಿಂದ ನೌಕರಿ ಹುಡುಕುವುದೂ ಲೈಸೆನ್ಸ್ ಅರ್ಜಿಯೂ ಜೊತೆಜೊತೆಗೇ ನಡೆಯಲಿ.

ಇನ್ನೊಂದು ತಪ್ಪು ತಿಳಿವಳಿಕೆ ವಾಷಿಂಗ್ಟನ್ ಒಪ್ಪಂದದ್ದು, ಅಂದರೆ ಸದಸ್ಯ ದೇಶಗಳು ಒಬ್ಬರ ಎಂಜಿನಿಯರಿಂಗ್ ಕೋರ್ಸನ್ನು ಇನ್ನೊಬ್ಬರು ಸಮ ಅಂತ ಒಪ್ಪುವ ಒಪ್ಪಂದ. ನಮ್ಮ ಎಲ್ಲ ಬಿಇಗೂ ಅದು ಅನ್ವಯಿಸುತ್ತದೆ ಅಂದುಕೊಳ್ಳುತ್ತಾರೆ. ಭಾರತ 2014ರ ಜೂನ್‌ನಲ್ಲಿ ಅದರ ಕಾಯಂ ಸದಸ್ಯ ಆಯಿತು, ನಿಜ. ಆದರೆ ಅದು ರಾಷ್ಟ್ರೀಯ ಮಾನ್ಯತಾ ಮಂಡಳಿಯ (ಎನ್‌ಬಿಎ) ಟಿಯರ್-1 ಮಾನ್ಯತೆ ಇರುವ ಕೋರ್ಸುಗಳಿಗೆ ಮಾತ್ರ. ಕಾಲೇಜಿನ ಹೆಸರು ದೊಡ್ಡದಿದ್ದರೆ ಸಾಲದು. ನೀವು ಪಾಸಾದ ವರ್ಷ ನಿಮ್ಮ ಬ್ರಾಂಚಿಗೆ ಆ ಮಾನ್ಯತೆ ಇತ್ತಾ ಅಂತ ಕಾಲೇಜಿನಲ್ಲೇ ಕೇಳಿ. ಇಲ್ಲದಿದ್ದರೆ ದಾರಿ ಮುಚ್ಚಿಲ್ಲ, ತಾಂತ್ರಿಕ ಪರೀಕ್ಷೆ ಬರೆಯಬೇಕಾಗಿ ಬರಬಹುದು.

ಈಗ ಕಾಗದಪತ್ರ. ವಿಟಿಯು ನಮ್ಮೂರಲ್ಲೇ ಇದೆ, ಮಚ್ಛೆಯ ಜ್ಞಾನಸಂಗಮಕ್ಕೆ ಒಂದು ಬಸ್ಸು. ಟೊರಾಂಟೋದಲ್ಲಿ ಕೂತು ಟ್ರಾನ್ಸ್‌ಕ್ರಿಪ್ಟ್ ತರಿಸುವ ಕಷ್ಟ ಏನು ಅಂತ ನನಗೆ ಗೊತ್ತು. ಎಂಟೂ ಸೆಮಿಸ್ಟರಿನ ಸಿಲೆಬಸ್ ಪ್ರತಿಯನ್ನೂ ಈಗಲೇ ತೆಗೆದಿಡಿ. ವಿಟಿಯು ಶುರುವಾದದ್ದು 1998ರಲ್ಲಿ. ಅದಕ್ಕೂ ಹಿಂದೆ ಬೆಳಗಾವಿಯಲ್ಲಿ ಓದಿದ ಹಿರಿಯರು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೇ ಹೋಗಬೇಕು.

ಹೆಸರನ್ನು ಅಕ್ಷರ ಅಕ್ಷರ ನೋಡಿ. ನಮ್ಮ ಕಡೆ ಮಾರ್ಕ್ಸ್ ಕಾರ್ಡಿನಲ್ಲಿ ಅಡ್ಡಹೆಸರು ಮೊದಲು, ಆಮೇಲೆ ತನ್ನ ಹೆಸರು, ಆಮೇಲೆ ಅಪ್ಪನ ಹೆಸರು ಅಲ್ವಾ? ಪಾಸ್‌ಪೋರ್ಟಿನಲ್ಲಿ ಬೇರೆ ಕ್ರಮ. ನನ್ನದು ಮದುವೆಯಾದ ಮೇಲೆ ಮೂರನೇ ರೂಪ ತಾಳಿತ್ತು. ಮೂರೂ ಒಬ್ಬಳೇ ಅಂತ ಒಪ್ಪಿಸಲು ನಾಲ್ಕು ತಿಂಗಳು ಹೋಯಿತು. ಹೊರಡುವ ಮುಂಚೆಯೇ ಅಫಿಡವಿಟ್ ಮಾಡಿಸಿಕೊಳ್ಳಿ.

ನಾನು ಎಲ್ಲಕ್ಕಿಂತ ಹೆಚ್ಚು ಒತ್ತಿ ಹೇಳುವುದು ಅನುಭವ ಬರೆಯುವ ಬಗ್ಗೆ. ಪಿಇಒ ಕೇಳುವುದು 48 ತಿಂಗಳ ಅನುಭವ. ಮೊದಲು ಅದರಲ್ಲಿ ಕನಿಷ್ಠ 12 ತಿಂಗಳು ಕೆನಡಾದ್ದೇ ಇರಬೇಕಿತ್ತು. 2023ರ ಮೇ ತಿಂಗಳಲ್ಲಿ ಆ ಷರತ್ತು ತೆಗೆದರು. ಅಂದರೆ ಉದ್ಯಮಬಾಗದಲ್ಲಿ ಸುರಿಸಿದ ಬೆವರಿಗೂ ಬೆಲೆ ಇದೆ. ಆದರೆ ಅದನ್ನು 34 ಸಾಮರ್ಥ್ಯಗಳ ಪಟ್ಟಿಗೆ ಹೊಂದಿಸಿ, ಪರಿಸ್ಥಿತಿ ಏನಿತ್ತು, ನೀವೇನು ಮಾಡಿದಿರಿ, ಫಲ ಏನಾಯಿತು ಅಂತ ಬರೆದು ತೋರಿಸಬೇಕು.

ಹೋದ ತಿಂಗಳು ಬಂದ ಹುಡುಗ ಬರೆದಿದ್ದ: ‘ಪಂಪ್ ಕೇಸಿಂಗ್‌ನ ರಿಜೆಕ್ಷನ್ ಕಡಿಮೆ ಮಾಡಲಾಯಿತು.’

“ತಮ್ಮಾ, ಮಾಡಿದ್ದು ಯಾರು?”

“ಎಲ್ಲಾರೂ ಕೂಡಿ ಮಾಡೀವ್ರೀ ಅಕ್ಕಾ.”

“ಮರಳಿನ ಬಿಸಿ ಅಳೀಬೇಕು ಅಂದವರು ಯಾರು?”

ಸ್ವಲ್ಪ ಹೊತ್ತು ಸುಮ್ಮನಿದ್ದು, “ಅದು ನಾನೇರೀ” ಅಂದ.

ಆಮೇಲೆ ಕಥೆ ಹೊರಗೆ ಬಂತು. ಏಪ್ರಿಲ್‌ನಲ್ಲಿ ಮಧ್ಯಾಹ್ನದ ಪಾಳಿಯಲ್ಲೇ ಬ್ಲೋಹೋಲ್, ಅಂದರೆ ಎರಕದಲ್ಲಿ ಗಾಳಿಯ ತೂತು, ಜಾಸ್ತಿ. ಮಿಕ್ಸರ್ ಹತ್ತಿರ ತೇವ ಸರಿಯಾಗೇ ಇತ್ತು. ಇವನು ಅಚ್ಚಿನಿಂದ ತಿರುಗಿ ಬರುವ ಮರಳಿಗೆ ಥರ್ಮಾಮೀಟರ್ ಚುಚ್ಚಿ ನೋಡಿದ, 60 ಡಿಗ್ರಿ. ಬಿಸಿ ಮರಳಿನ ಆವಿ ತಣ್ಣಗಿದ್ದ ಕೋರ್ (ಟೊಳ್ಳು ಭಾಗಕ್ಕೆ ಅಚ್ಚಿನೊಳಗೆ ಇಡುವ ತುಂಡು) ಮೇಲೆ ನೀರಾಗಿ ಕೂರುತ್ತಿತ್ತು. ಮರಳು ಆರಲು ಬಿಟ್ಟು, ಸರದಿಯ ಮೇಲೆ ಬಳಸುವ ಏರ್ಪಾಡು ಮಾಡಿದ. ನೂರಕ್ಕೆ ಒಂಬತ್ತು ಹೋಗುತ್ತಿದ್ದದ್ದು ನಾಲ್ಕಕ್ಕೆ ಇಳಿಯಿತು. ಇಷ್ಟು ಒಳ್ಳೆಯ ಎಂಜಿನಿಯರಿಂಗನ್ನು ಒಂದು ‘ಮಾಡಲಾಯಿತು’ ನುಂಗಿಹಾಕಿತ್ತು! ‘ನಾನು’ ಅಂದರೆ ಜಂಬ ಅಂತ ನಮಗೆ ಮನೆಯಲ್ಲಿ ಕಲಿಸಿದ್ದಾರೆ. ಈ ಅರ್ಜಿಯಲ್ಲಿ ಅದು ಜಂಬವಲ್ಲ, ಲೆಕ್ಕ ಒಪ್ಪಿಸುವುದು. ನಾನು ಅಳೆದೆ, ನಾನು ಲೆಕ್ಕ ಹಾಕಿದೆ, ನಾನು ಸೂಚಿಸಿದೆ ಅಂತಲೇ ಬರೆಯಿರಿ. ಮಾಡದ್ದನ್ನು ಮಾತ್ರ ಬರೆಯಬೇಡಿ, ಬೇರೆಯವರದ್ದು ಎತ್ತಲೂ ಬೇಡಿ. ಇವತ್ತಿನಿಂದಲೇ ಒಂದು ನೋಟ್‌ಬುಕ್ ಇಟ್ಟು ತಾರೀಕು, ತೊಂದರೆ, ಅಳತೆ ಬರೆದಿಡಿ. ಕಂಪನಿಯ ಡ್ರಾಯಿಂಗ್ ಮಾತ್ರ ಹೊರಗೆ ತರುವಂತಿಲ್ಲ.

ರೆಸ್ಯೂಮೆಗೆ ಫೋಟೋ, ವಯಸ್ಸು, ಮದುವೆ, ಜಾತಿ ಯಾವುದೂ ಬೇಡ. ಎರಡು ಪುಟ ಸಾಕು. ಬೀಡು ಕಬ್ಬಿಣದ ನಮ್ಮ ಮಾನದಂಡ ಐಎಸ್ 210ರ ಎಫ್‌ಜಿ 260 ಅಂದರೆ ಅಲ್ಲಿನವರಿಗೆ ತಿಳಿಯದು. ಎಳೆತ ತಡೆಯುವ ಬಲ 260 ಮೆಗಾಪ್ಯಾಸ್ಕಲ್ ಅಂತ ಬರೆದು, ಅಮೆರಿಕದ ಮಾನದಂಡ ಎಎಸ್‌ಟಿಎಂ ಎ48ರ 40ನೇ ಕ್ಲಾಸಿಗೆ ಹತ್ತಿರ ಅಂತ ಸೇರಿಸಿ. ಆ ಕ್ಲಾಸಿನದ್ದು ಸುಮಾರು 276. ಪೂರ್ತಿ ಸಮ ಅನ್ನಬೇಡಿ, ಇಂಟರ್‌ವ್ಯೂನಲ್ಲಿ ಹಿಡಿಯುತ್ತಾರೆ. ಲೈಸೆನ್ಸಿಗೆ ಕಾನೂನು ಮತ್ತು ವೃತ್ತಿ ನೀತಿಯ ಎನ್‌ಪಿಪಿಇ ಪರೀಕ್ಷೆಯೂ ಇದೆ, ಓದಿದರೆ ಆಗುವಂಥದ್ದು.

ಕೊನೆಗೆ ಸಾಕ್ಷಿ. ‘ನಡತೆ ತೃಪ್ತಿಕರ’ ಅನ್ನುವ ಎಚ್‌ಆರ್ ಪತ್ರದಿಂದ ಏನೂ ಆಗದು. ನಿಮ್ಮ ಕೆಲಸ ಕಣ್ಣಾರೆ ಕಂಡ ಎಂಜಿನಿಯರ್ ಸಾಹೇಬರ ಹತ್ತಿರ ನೀವೇ ಹೋಗಿ, ಬರೆದದ್ದನ್ನು ಓದಿ ತೋರಿಸಿ, ತಪ್ಪಿದ್ದರೆ ತಿದ್ದಲು ಹೇಳಿ. ಅವರ ಇಮೇಲ್, ಫೋನ್ ಬರೆದುಕೊಳ್ಳಿ, ನಿವೃತ್ತಿ ಆದ ಮೇಲೂ ನಡೆಯುವಂಥದ್ದು. ನನ್ನ ಅನುಭವ ಖಚಿತಪಡಿಸಲು ಸಾಹೇಬರಿಗೆ ಬಂದ ಇಮೇಲ್ ಮೂರು ವಾರ ಸ್ಪ್ಯಾಮ್‌ನಲ್ಲಿ ಬಿದ್ದಿತ್ತು. ಟೊರಾಂಟೋದ ಬೆಳಗಿನ ಒಂಬತ್ತು ಅಂದರೆ ಇಲ್ಲಿ, ಅವರ ಬೇಸಿಗೆಯಲ್ಲಿ ಸಂಜೆ ಆರೂವರೆ, ಚಳಿಗಾಲದಲ್ಲಿ ಏಳೂವರೆ. ಆ ಹೊತ್ತಿಗೆ ಪರದೇಶದ ನಂಬರಿನಿಂದ ಫೋನ್ ಬಂದರೆ ಕಟ್ ಮಾಡಬೇಡಿ ಅಂತ ಅವರಿಗೆ ಮೊದಲೇ ಹೇಳಿಡಿ.