ಕಾಡುಹೂವಿನ ಗಿಡ ಬೀಜದಿಂದಲೇ ಬರಲಿ

ನಿಮ್ಮ ಸುತ್ತ ತಾನಾಗಿ ಬೆಳೆಯುವ ಹೂಗಿಡ ಇಷ್ಟವಾಯಿತಾ? ಕಿತ್ತು ತರಬೇಡಿ, ಬೀಜ ತನ್ನಿ. ಅದೂ ಒಂದೇ ಗಿಡದ್ದಲ್ಲ, ಹತ್ತಿಪ್ಪತ್ತು ಗಿಡಗಳಿಂದ ಚೂರು ಚೂರು. ಆಗ ಬಣ್ಣ, ಎತ್ತರ, ಹೂ ಬಿಡುವ ಕಾಲ ಎಲ್ಲದರಲ್ಲೂ ವೈವಿಧ್ಯ ಸಿಗುತ್ತದೆ. ಕಡ್ಡಿ ನೆಟ್ಟರೆ ಬರುವುದು ತಾಯಿಗಿಡದ ನಕಲು, ಅಷ್ಟೇ.

ಅವರೆ ಜಾತಿಯ ಗಟ್ಟಿ ಸಿಪ್ಪೆಯ ಬೀಜ ಸುಮ್ನೆ ಬಿತ್ತಿದರೆ ತಿಂಗಳಾದರೂ ಮೊಳೆಯದೇ ಇರಬಹುದು. ಮೊದಲ ಸಲ ನಾನು ಬೇಸತ್ತು ಕುಂಡವನ್ನೇ ಸುರಿದುಬಿಟ್ಟಿದ್ದೆ! ಈಗ ಸ್ಯಾಂಡ್‌ಪೇಪರ್ ಮೇಲೆ ಮೆಲ್ಲಗೆ ಉಜ್ಜಿ, ರಾತ್ರಿಯಿಡೀ ನೆನೆಸುತ್ತೇನೆ. ಉಬ್ಬಿದ್ದನ್ನು ಬಿತ್ತುತ್ತೇನೆ. ಉಬ್ಬದೇ ಇದ್ದರೆ ಮತ್ತೆ ಉಜ್ಜುತ್ತೇನೆ.

ಗೊಬ್ಬರ ಜಾಸ್ತಿ ಬೇಡ. ಹೆಚ್ಚಾದರೆ ಬಡ ಮಣ್ಣಿಗೆ ಒಗ್ಗಿದ ಗಿಡ ಬರೀ ಸೊಪ್ಪು ಬೆಳೆಸುತ್ತದೆ. ಮೊದಲ ವರ್ಷ ಮಾತ್ರ ನೀರು ತಪ್ಪಿಸಬೇಡಿ, ಬೇರು ಇಳಿಯಲಿ. ಚಂದ ಕಂಡ ನಾಲ್ಕೈದು ಗಿಡಗಳಿಗೆ ದಾರ ಕಟ್ಟಿಡಿ. ಮುಂದಿನ ಬೀಜ ಅವುಗಳದ್ದು.