ಅಟ್ಟದ ಮೇಲಿನ ಸರ್ವರ್: ನನ್ನ ಅನುಭವ

ಮೈಸೂರಿನ ಅಗ್ರಹಾರದ ಹತ್ತಿರವಿರುವ ನಮ್ಮದು ಮಣ್ಣಿನ ಗೋಡೆಯ ಹಳೆಯ ಮನೆ. 2023ರಲ್ಲಿ, ನಡುಮನೆಯ ಅಟ್ಟದಲ್ಲಿ ಹಿತ್ತಾಳೆ ಪಾತ್ರೆಗಳ ಪಕ್ಕಕ್ಕೆ ಜಾಗ ಮಾಡಿಕೊಂಡು, ಪರದೆ ಒಡೆದಿದ್ದ ಲ್ಯಾಪ್‌ಟಾಪಿಗೆ ಡೆಬಿಯನ್ 12 ಎಂಬ ಲಿನಕ್ಸ್ ಕಾರ್ಯಾಚರಣೆ ವ್ಯವಸ್ಥೆ ಹಾಕಿ, ಮನೆಯ ಸರ್ವರ್ ಆಗಿ ಇಟ್ಟೆ. ಮನೆಯವರೆಲ್ಲರ ಮೊಬೈಲಿನ ಫೋಟೋಗಳು ತಾವಾಗಿಯೇ ಅಲ್ಲಿಗೆ ಬಂದು ಸೇರಬೇಕು, ಅದರ ನಕಲೊಂದು ಮಂಡ್ಯದಲ್ಲಿರುವ ಅಕ್ಕನ ಮನೆಯಲ್ಲಿರಬೇಕು ಎಂಬುದಷ್ಟೇ ನನ್ನ ಉದ್ದೇಶವಾಗಿತ್ತು. ತಂತ್ರಾಂಶ ಹಾಕುವುದಕ್ಕೆ ಒಂದು ಭಾನುವಾರ ಸಾಕಾಯಿತು. ಮುಂದಿನ ಒಂದು ವರ್ಷ ಹೋದದ್ದು ಕೇಬಲ್, ಕರೆಂಟು ಮತ್ತು ನಕಲಿನ ಹಿಂದೆ.

ಒಂದೂವರೆ ಅಡಿ ದಪ್ಪದ ಗೋಡೆಗಳ ನಡುವೆ 5 ಗಿಗಾಹರ್ಟ್ಸ್ ವೈಫೈ ಒಂದು ಕೋಣೆ ದಾಟಿದರೆ ಹೆಚ್ಚು. ಆದ್ದರಿಂದ ಸೂರಿನ ಅಂಚಿನಲ್ಲಿ ಕ್ಯಾಟ್ 6 ನೆಟ್‌ವರ್ಕ್ ಕೇಬಲ್ ಎಳೆದೆ. ಎಳೆದ ಮೇಲೂ ಫೈಲುಗಳು ಸೆಕೆಂಡಿಗೆ 11 ಮೆಗಾಬೈಟಿಗಿಂತ ವೇಗವಾಗಿ ಹೋಗಲಿಲ್ಲ; ಅದು 100 ಮೆಗಾಬಿಟ್ ಸಂಪರ್ಕದ ವೇಗ. ಗಿಗಾಬಿಟ್ ಸಂಪರ್ಕಕ್ಕೆ ಕೇಬಲಿನೊಳಗಿನ ನಾಲ್ಕು ಜೋಡಿ ತಂತಿಗಳೂ ಬೇಕು, 100 ಮೆಗಾಬಿಟ್ಟಿಗಾದರೆ ಎರಡೇ ಜೋಡಿ ಸಾಕು. ಹಾಗಾಗಿ ತುದಿಯಲ್ಲಿ ಒಂದು ತಂತಿ ಸರಿಯಾಗಿ ಕೂರದಿದ್ದರೂ ಅನೇಕ ನೆಟ್‌ವರ್ಕ್ ಕಾರ್ಡುಗಳು ಯಾವ ದೂರೂ ಹೇಳದೆ ಕೆಳಗಿನ ವೇಗಕ್ಕೆ ಇಳಿದುಬಿಡುತ್ತವೆ. ತುದಿಯನ್ನು ಕತ್ತರಿಸಿ ಹೊಸದಾಗಿ ಕ್ರಿಂಪ್ ಮಾಡಿದ (ಕನೆಕ್ಟರನ್ನು ಒತ್ತಿ ಕೂರಿಸಿದ) ಮೇಲೆ ವೇಗ ಹತ್ತು ಪಟ್ಟಾಯಿತು. ಅದಕ್ಕೆ ಮುಂಚೆ ಮೂರು ಸಂಜೆಗಳನ್ನು ನಾನು ತಂತ್ರಾಂಶದ ಸೆಟ್ಟಿಂಗುಗಳಲ್ಲಿ ಕಳೆದಿದ್ದೆ.

ಸರ್ವರಿಗೆ ಹಳೆಯ ಲ್ಯಾಪ್‌ಟಾಪೇ ಸರಿ ಎಂಬ ನನ್ನ ಅಭಿಪ್ರಾಯಕ್ಕೆ ಮುಖ್ಯ ಕಾರಣ ಅದರ ಬ್ಯಾಟರಿ. ಮುಂಗಾರುಪೂರ್ವ ಮಳೆಯ ಸಂಜೆಗಳಲ್ಲಿ ಕರೆಂಟು ಹೋಗಿ ಬಂದರೂ ಅದು ಅಲುಗಾಡುವುದಿಲ್ಲ. ರೂಟರ್ ಮಾತ್ರ ಇನ್ವರ್ಟರಿಗೆ ಬದಲಾಗುವ ಕ್ಷಣದಲ್ಲಿ ಆರಿ ಮತ್ತೆ ಶುರುವಾಗುತ್ತಿತ್ತು. ಅದಕ್ಕೊಂದು 12 ವೋಲ್ಟಿನ ಪುಟ್ಟ ಯುಪಿಎಸ್ ಕೊಡಿಸಿದೆ. ಸದಾ ಚಾರ್ಜಿನಲ್ಲಿರುವ ಬ್ಯಾಟರಿ ಉಬ್ಬಬಾರದೆಂದು ಚಾರ್ಜಿನ ಮಿತಿಯನ್ನು ಶೇ. 80ಕ್ಕೆ ನಿಲ್ಲಿಸಿದ್ದೇನೆ. ಯಂತ್ರ ಸರಾಸರಿ 10 ವ್ಯಾಟ್ ಎಳೆಯುತ್ತದೆ, ಅಂದರೆ ತಿಂಗಳಿಗೆ ಏಳು ಯೂನಿಟ್ಟಿನ ಆಸುಪಾಸು. ಗೃಹಜ್ಯೋತಿಯ ಸೊನ್ನೆ ಬಿಲ್ಲು ಇದರಿಂದ ತಪ್ಪಿಹೋಗುವುದೇನೋ ಎಂದು ಅಪ್ಪ ಎರಡು ತಿಂಗಳು ಮೀಟರ್ ಬರೆದಿಟ್ಟುಕೊಂಡರು, ತಪ್ಪಲಿಲ್ಲ.

ಹೊರಗಿನಿಂದ ಮನೆಯ ಯಂತ್ರವನ್ನು ತಲುಪುವುದು ಇನ್ನೊಂದು ಕಷ್ಟವಾಯಿತು. ಇಂಟರ್ನೆಟ್ಟಿನಲ್ಲಿ ಯಂತ್ರಗಳನ್ನು ಗುರುತಿಸುವ ಹಳೆಯ (ಆವೃತ್ತಿ 4ರ) ಐಪಿ ವಿಳಾಸಗಳು ಇರುವುದೇ ಒಟ್ಟು ಸುಮಾರು 430 ಕೋಟಿ. ಅವು ಸಾಲದೆ, ಇಂಟರ್ನೆಟ್ ಕೊಡುವವರು ಅನೇಕ ಮನೆಗಳನ್ನು ಒಂದೇ ಸಾರ್ವಜನಿಕ ವಿಳಾಸದ ಹಿಂದೆ ಇರಿಸುತ್ತಾರೆ. ಇದಕ್ಕೆಂದೇ 2012ರಲ್ಲಿ 100.64ರಿಂದ 100.127ರವರೆಗಿನ ವಿಳಾಸಗಳನ್ನು ಕಾಯ್ದಿರಿಸಲಾಯಿತು. ರೂಟರಿನ ಪುಟದಲ್ಲಿ ಹೊರಗಿನ ವಿಳಾಸ ಈ ಸಾಲಿನದಾಗಿದ್ದರೆ ಪೋರ್ಟ್ ಫಾರ್ವರ್ಡಿಂಗ್‌ಗೆ, ಅಂದರೆ ಹೊರಗಿನಿಂದ ಬಂದ ಕರೆಯನ್ನು ರೂಟರ್ ಒಳಗಿನ ಯಂತ್ರಕ್ಕೆ ದಾಟಿಸುವ ಏರ್ಪಾಡಿಗೆ, ಕೈ ಹಾಕುವುದೇ ದಂಡ. ನಾನು ಅದನ್ನು ಎರಡು ವಾರ ಕಳೆದ ಮೇಲೆ ನೋಡಿದೆ. ನಮ್ಮ ಸಂಪರ್ಕದಲ್ಲಿ ವಿಳಾಸಗಳ ಕೊರತೆಯಿಲ್ಲದ ಐಪಿ ಆವೃತ್ತಿ 6 ಇದ್ದುದರಿಂದ ಅದರ ಮೇಲೆ ವೈರ್‌ಗಾರ್ಡ್ ಎಂಬ ಗುಪ್ತ ಸುರಂಗದ (ವಿಪಿಎನ್) ತಂತ್ರಾಂಶ ಹಾಕಿದೆ. 2020ರಲ್ಲಿ ಲಿನಕ್ಸಿನ ತಿರುಳಾದ ಕರ್ನಲಿನೊಳಗೆ ಸೇರಿದ ಇದು ಗುರುತಿಲ್ಲದವರು ಬಾಗಿಲು ತಟ್ಟಿದರೆ ಉತ್ತರವನ್ನೇ ಕೊಡುವುದಿಲ್ಲ, ಆ ಗುಣ ನನಗೆ ಇಷ್ಟ. ಇಲ್ಲೂ ಒಂದು ತೊಡಕಿತ್ತು: ರೂಟರ್ ಮತ್ತೆ ಶುರುವಾದಾಗ ವಿಳಾಸ ಬದಲಾಗುತ್ತದೆ, ಆದರೆ ವೈರ್‌ಗಾರ್ಡ್ ಎದುರಿನವರ ಹೆಸರಿನಿಂದ ವಿಳಾಸ ಹುಡುಕುವುದು ತಾನು ಶುರುವಾಗುವಾಗ ಒಮ್ಮೆ ಮಾತ್ರ. ಹಾಗಾಗಿ ನಮ್ಮ ಕಡೆಯಲ್ಲಿ ಡಿಎನ್‌ಎಸ್ (ಹೆಸರನ್ನು ವಿಳಾಸಕ್ಕೆ ಜೋಡಿಸುವ ವ್ಯವಸ್ಥೆ) ಹೆಸರಿಗೆ ಹೊಸ ವಿಳಾಸ ಬರೆಯುವ, ಅಕ್ಕನ ಕಡೆಯಲ್ಲಿ ಅದನ್ನು ಮತ್ತೆ ಓದಿಕೊಳ್ಳುವ ಎರಡು ಪುಟ್ಟ ಶೆಲ್ ಸ್ಕ್ರಿಪ್ಟುಗಳನ್ನು (ಆದೇಶಗಳ ಪಟ್ಟಿಗಳನ್ನು) ಬರೆಯಬೇಕಾಯಿತು. ಇದನ್ನೇ ಮಾಡುವ ಸಿದ್ಧ ತಂತ್ರಾಂಶಗಳಿವೆ. ಆದರೆ ಎರಡು ವರ್ಷದ ನಂತರ ರಾತ್ರಿ ಹನ್ನೊಂದು ಗಂಟೆಗೆ ಕೆಟ್ಟಾಗ ನಾನೇ ಓದಿ ಅರ್ಥಮಾಡಿಕೊಳ್ಳಬಲ್ಲ ಹದಿನೈದು ಸಾಲುಗಳು ನನಗೆ ಹೆಚ್ಚು ಬೆಲೆಯವು. ಇದೇ ಕಾರಣಕ್ಕೆ ಡೇಟಾಬೇಸ್ ಬೇಡುವ ಫೋಟೋ ತಂತ್ರಾಂಶವೊಂದನ್ನು ಆರು ತಿಂಗಳು ನಡೆಸಿ ಕೈಬಿಟ್ಟೆ. ಈಗ ಯಂತ್ರಗಳ ನಡುವೆ ಫೈಲುಗಳನ್ನು ಹೊಂದಿಸುವ ಸಿಂಕ್‌ಥಿಂಗ್ ತಂದು ಹಾಕುವ ಫೋಟೋಗಳು ವರ್ಷವಾರು ಫೋಲ್ಡರುಗಳಲ್ಲಿ ಬರಿಯ ಫೈಲುಗಳಾಗಿ ಕುಳಿತಿವೆ.

ಅಕ್ಕನ ಮನೆಯಲ್ಲಿರುವುದು ಒಂದು ರಾಸ್ಪ್‌ಬೆರಿ ಪೈ 4 ಎಂಬ ಅಂಗೈಯಗಲದ ಕಂಪ್ಯೂಟರ್ ಮತ್ತು ಅದಕ್ಕೆ ಸಿಕ್ಕಿಸಿದ ಯುಎಸ್‌ಬಿ ಡಿಸ್ಕ್. ಅವರ ಕಡೆಯಿಂದಲೇ ನಮ್ಮ ಅಟ್ಟಕ್ಕೆ ಕರೆ ಹೋಗುತ್ತದೆ, ರಾತ್ರಿ ಎರಡಕ್ಕೆ ಬದಲಾದ ಫೈಲುಗಳನ್ನು ನಕಲಿಸುವ ಆರ್‌ಸಿಂಕ್ ಓಡುತ್ತದೆ. ಮೂರು ತಿಂಗಳು ಸುಸೂತ್ರವಾಗಿ ನಡೆದ ಮೇಲೆ ಒಂದು ಬೆಳಿಗ್ಗೆ ಅಕ್ಕ ಫೋನ್ ಮಾಡಿ, "ನಿನ್ನ ಡಬ್ಬಿ ರಾತ್ರಿಯೆಲ್ಲ ಮಿಣಮಿಣ ಅಂತಿತ್ತು ಕಣೋ, ಈಗ ಉಸಿರೇ ಇಲ್ಲ" ಎಂದಳು. ಕರೆಂಟು ಹೋಗಿ ಬಂದಾಗ ಡಿಸ್ಕ್ ಮೌಂಟ್ ಆಗಿರಲಿಲ್ಲ, ಅಂದರೆ ತನ್ನ ಫೋಲ್ಡರಿಗೆ ಜೋಡಣೆಯಾಗಿರಲಿಲ್ಲ. ಸ್ಕ್ರಿಪ್ಟ್ ಅದನ್ನು ವಿಚಾರಿಸದೆ, ಡಿಸ್ಕ್ ಇರಬೇಕಾಗಿದ್ದ ಖಾಲಿ ಫೋಲ್ಡರಿನೊಳಕ್ಕೆ, ಅಂದರೆ 32 ಗಿಗಾಬೈಟಿನ ಮೆಮೊರಿ ಕಾರ್ಡಿನ ಮೇಲೆಯೇ, ಫೋಟೋಗಳನ್ನು ಸುರಿದು ಅದನ್ನು ತುಂಬಿಸಿಬಿಟ್ಟಿತ್ತು. ಮಂಡ್ಯಕ್ಕೆ ಬಸ್ಸು ಹತ್ತಿ ಹೋಗಿ, ಮೌಂಟ್ ಆಗಿರದಿದ್ದರೆ ಅಲ್ಲಿಯೇ ನಿಲ್ಲಿಸುವ ಒಂದು ಸಾಲನ್ನು ಸ್ಕ್ರಿಪ್ಟಿನ ತಲೆಯಲ್ಲಿ ಸೇರಿಸಿದೆ.

ಅದೇ ದಿನ ಇನ್ನೊಂದು ಅಪಾಯವೂ ಹೊಳೆಯಿತು. ಆರ್‌ಸಿಂಕಿನಲ್ಲಿ ನಾನು ಬಳಸುತ್ತಿದ್ದ ಡಿಲೀಟ್ ಆಯ್ಕೆ ಮೂಲದಲ್ಲಿ ಅಳಿಸಿದ್ದನ್ನು ನಕಲಿನಲ್ಲೂ ಅಳಿಸುತ್ತದೆ. ಅಮ್ಮನ ಕೈತಪ್ಪಿನಿಂದ ಒಂದು ಫೋಲ್ಡರ್ ಹೋದರೆ ರಾತ್ರಿ ಎರಡಕ್ಕೆ ಮಂಡ್ಯದಲ್ಲೂ ಹೋಗುತ್ತಿತ್ತು. ಈಗ ಲಿಂಕ್-ಡೆಸ್ಟ್ ಆಯ್ಕೆಯಿಂದ ಪ್ರತಿ ರಾತ್ರಿಗೂ ಬೇರೆ ಫೋಲ್ಡರ್ ಆಗುತ್ತದೆ, ಬದಲಾಗದ ಫೈಲುಗಳು ಹಾರ್ಡ್ ಲಿಂಕುಗಳಾದ್ದರಿಂದ (ಒಂದೇ ಫೈಲಿಗೆ ಇನ್ನೊಂದು ಹೆಸರು) ಎರಡನೆಯ ಸಲ ಜಾಗ ತಿನ್ನುವುದಿಲ್ಲ.

ತಿಂಗಳ ಮೊದಲ ಭಾನುವಾರ ಯಾವುದಾದರೂ ಒಂದು ವರ್ಷದ ಫೋಲ್ಡರನ್ನು ಮಂಡ್ಯದಿಂದ ವಾಪಸು ತರಿಸಿ, ಅಟ್ಟದಲ್ಲಿರುವುದರ ಜೊತೆ ಚೆಕ್‌ಸಮ್ (ಫೈಲಿನ ಒಳಗನ್ನೆಲ್ಲ ಲೆಕ್ಕಹಾಕಿ ಬರುವ ಗುರುತಿನ ಸಂಖ್ಯೆ) ಹೋಲಿಸುತ್ತೇನೆ. ಕಳೆದ ತಿಂಗಳು 2016ರ ಫೋಲ್ಡರಿನಲ್ಲಿ ಒಂದು ಫೋಟೋ ಹೊಂದಲಿಲ್ಲ. ತೆರೆದು ನೋಡಿದರೆ ಅಟ್ಟದ ಪ್ರತಿಯ ಅರ್ಧ ಭಾಗ ಬೂದುಬಣ್ಣವಾಗಿತ್ತು, ಮಂಡ್ಯದ್ದು ಸರಿಯಿತ್ತು. ಆರ್‌ಸಿಂಕ್ ಮಾಮೂಲಿಯಾಗಿ ಫೈಲಿನ ಗಾತ್ರ ಮತ್ತು ಸಮಯವನ್ನು ಮಾತ್ರ ನೋಡುವುದರಿಂದ, ಎರಡೂ ಬದಲಾಗದೆ ಒಳಗೇ ಕೆಟ್ಟಿದ್ದ ಈ ಫೈಲನ್ನು ಅದು ಅಲ್ಲಿಗೆ ಸಾಗಿಸಿರಲಿಲ್ಲ. ಅಟ್ಟದ ಡಿಸ್ಕನ್ನು ಮಾರನೆಯ ದಿನವೇ ಬದಲಾಯಿಸಿದೆ.