ನೋವು ಬರಲಿ ಅಂತ ಕಾದು ಕೆಟ್ಟೆ

ಅಮ್ಮನಿಗೆ ಆಗ 79. ಒಂದು ರಾತ್ರಿ ಬಾಯಿ ಮುಕ್ಕಳಿಸಿ ಉಗುಳಿದಾಗ ಸಿಂಕಿನಲ್ಲಿ ಟಣ್ ಅಂತ ಏನೋ ಬಿತ್ತು. ನೋಡಿದರೆ ಹಲ್ಲು. ವಸಡಿನ ಮಟ್ಟಕ್ಕೆ, ಯಾರೋ ಕತ್ತರಿಸಿದ ಹಾಗೆ ಮುರಿದಿತ್ತು. ರಕ್ತ ಇಲ್ಲ. "ನೋವೇ ಇಲ್ಲ ಕಣೇ, ಡಾಕ್ಟರ್ ಹತ್ರ ಹೋಗಿ ಏನಂತ ಹೇಳೋದು?" ಅಂದಳು ಅಮ್ಮ.

ನನ್ನ ಲೆಕ್ಕವೂ ಅದೇ ಆಗಿತ್ತು. ನೋವಿಲ್ಲ ಅಂದರೆ ಹಲ್ಲು ಚೆನ್ನಾಗಿದೆ ಅಂತ. ಆರು ವರ್ಷದಿಂದ ಅಮ್ಮನ ಸಕ್ಕರೆ, ಬಿಪಿ, ಕಣ್ಣು ಎಲ್ಲ ನೋಡಿಕೊಂಡವಳು ನಾನು. ಒಂದು ಸಲವೂ ಅವಳ ಬಾಯಿ ತೆಗೆಸಿ ನೋಡಿರಲಿಲ್ಲ.

ಹಲ್ಲಿನ ಡಾಕ್ಟರ್ ಬಿಡಿಸಿ ಹೇಳಿದ ಮೇಲೆ ನನ್ನ ತಪ್ಪು ಗೊತ್ತಾಯಿತು. ವಯಸ್ಸಾದ ಹಾಗೆ ಹಲ್ಲಿನೊಳಗೆ ಹೊಸ ಪದರ ಕಟ್ಟಿಕೊಳ್ಳುತ್ತಾ, ನರ ಇರುವ ಜಾಗ ಕಿರಿದಾಗುತ್ತಾ ಹೋಗುತ್ತದೆ. ಹುಳುಕು ಆಳಕ್ಕೆ ಇಳಿದರೂ ಜುಂ ಅನ್ನುವುದು ಕಡಿಮೆ. ಅಮ್ಮನ ಹುಳುಕು ಇದ್ದಿದ್ದೂ ಹಲ್ಲಿನ ತಲೆಯ ಮೇಲಲ್ಲ, ಬುಡದಲ್ಲಿ. ವಸಡು ಸರಿದು ಬೇರು ಹೊರಗೆ ಕಾಣುತ್ತದಲ್ಲ, ಅಲ್ಲಿ ಎನಾಮಲ್, ಅಂದರೆ ಹಲ್ಲಿನ ಹೊರಗಿನ ಗಟ್ಟಿ ಕವಚ, ಇರುವುದಿಲ್ಲ. ಅದು ಮೆತ್ತಗಿರುವ ಭಾಗ, ಸ್ವಲ್ಪ ಹುಳಿಗೇ ಕರಗುತ್ತದೆ. ಹುಳುಕು ಬುಡದ ಸುತ್ತ ಉಡಿದಾರದ ಹಾಗೆ ಕೊರೆದುಕೊಂಡು ಹೋಗಿ, ಕೊನೆಗೆ ಹಲ್ಲೇ ಲಟಕ್ ಅಂದಿತ್ತು. ಇನ್ನೂ ಮೂರು ಹಲ್ಲುಗಳ ಬುಡದಲ್ಲಿ ಕಂದು ಗೆರೆ ಇತ್ತು. ಕನ್ನಡಿಯಲ್ಲಿ ತೋರಿಸಿದರು. ಟಾರ್ಚ್ ಹಿಡಿದಿದ್ದರೆ ನನಗೂ ಯಾವತ್ತೋ ಕಾಣುತ್ತಿತ್ತು.

ಆಮೇಲೆ ಅವರು ಕೇಳಿದ್ದು ಮಾತ್ರೆಗಳ ಚೀಟಿ. ಬಿಪಿಗೆ ಎರಡು, ಅಲರ್ಜಿಗೆ ಒಂದು, ನಿದ್ದೆಗೆ ಒಂದು, ರಕ್ತ ತೆಳ್ಳಗಾಗಲು ಒಂದು. "ಬಾಯಿ ಒಣಗುತ್ತಾ ಅಮ್ಮ?" ಅಂತ ಕೇಳಿದರು. ಅಮ್ಮ ಸೆರಗಿನ ಗಂಟು ಬಿಚ್ಚಿ ಪೆಪ್ಪರ್‌ಮಿಂಟ್ ತೋರಿಸಿದಳು. ಬಾಯಿ ಒಣಗುತ್ತದೆ ಅಂತ ಬೆಳಗಿನಿಂದ ರಾತ್ರಿವರೆಗೂ ಒಂದಾದ ಮೇಲೊಂದು ಕೆನ್ನೆಯಲ್ಲಿ ಇಟ್ಟುಕೊಳ್ಳುತ್ತಿದ್ದಳಂತೆ. ಗುಟ್ಟು ಅಲ್ಲಿತ್ತು! ಹಲ್ಲನ್ನು ದಿನವಿಡೀ ಕಾಯುವುದು ಜೊಲ್ಲು. ಅದು ಹುಳಿಯನ್ನು ತೊಳೆದು, ಹಲ್ಲು ಕಳೆದುಕೊಂಡ ಕ್ಯಾಲ್ಸಿಯಂ ವಾಪಸ್ ಕೊಡುತ್ತದೆ. ಎಷ್ಟೋ ಮಾತ್ರೆಗಳು ಆ ಜೊಲ್ಲನ್ನೇ ಕಡಿಮೆ ಮಾಡುತ್ತವೆ. ಅದರ ಮೇಲೆ ಸಕ್ಕರೆ ಬೇರೆ ಹಾಕಿದರೆ ಹುಳುಕಿಗೆ ಹಬ್ಬ.

ಮಾತ್ರೆಗಳನ್ನು ನಾನಾಗಿ ನಿಲ್ಲಿಸಲಿಲ್ಲ. ಅವನ್ನು ಬರೆದ ಡಾಕ್ಟರಿಗೇ ವಿಷಯ ಹೇಳಿದೆ, ಅಲರ್ಜಿಯದ್ದನ್ನು ಅವರೇ ಬದಲಿಸಿದರು. ಪೆಪ್ಪರ್‌ಮಿಂಟ್ ಜಾಗಕ್ಕೆ ಸಕ್ಕರೆ ಇಲ್ಲದ್ದು ಬಂತು. ಪಕ್ಕದಲ್ಲಿ ನೀರಿನ ಲೋಟ, ಆಗಾಗ ಒಂದೊಂದು ಗುಟುಕು. ಹಲ್ಲಿನ ಡಾಕ್ಟರ್ ಪೇಸ್ಟನ್ನೂ ಬದಲಿಸಿದರು. ಸಾಮಾನ್ಯ ಪೇಸ್ಟಿನಲ್ಲಿ ಹಲ್ಲು ಗಟ್ಟಿ ಮಾಡುವ ಫ್ಲೋರೈಡ್ ಸುಮಾರು 1000ದಿಂದ 1500 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ ಅಷ್ಟು ಭಾಗ) ಇರುತ್ತದೆ. ಅಮ್ಮನಿಗೆ 5000 ಇರುವುದನ್ನು ಬರೆದುಕೊಟ್ಟರು. ಇದು ಡಾಕ್ಟರ್ ಹೇಳಿದರೆ ಮಾತ್ರ, ಸುಮ್ನೆ ನಾವೇ ತಂದು ಹಚ್ಚುವುದಲ್ಲ. ಉಜ್ಜಿದ ಮೇಲೆ ಉಗುಳಬೇಕು, ನೀರು ಹಾಕಿ ಮುಕ್ಕಳಿಸಬಾರದು ಅಂದರು. ಫ್ಲೋರೈಡ್ ಹಲ್ಲಿನ ಮೇಲೆ ಸ್ವಲ್ಪ ಹೊತ್ತು ಉಳಿಯಬೇಕಲ್ಲ. ಎಪ್ಪತ್ತು ವರ್ಷ ಮುಕ್ಕಳಿಸಿದವಳಿಗೆ ಇದು ಒಗ್ಗಲೇ ಇಲ್ಲ. ಇವತ್ತಿಗೂ ನಾನು ಬೆನ್ನು ತಿರುಗಿಸಿದರೆ ನಲ್ಲಿಯ ಸದ್ದು ಕೇಳುತ್ತದೆ.

ಇನ್ನು ಬ್ರಷ್. ಬೆರಳಿನ ಗಂಟು ಊದಿ ಅಮ್ಮನಿಗೆ ತೆಳ್ಳಗಿನ ಹಿಡಿ ನಿಲ್ಲುತ್ತಿರಲಿಲ್ಲ. ಉಜ್ಜುತ್ತಿದ್ದಳು ನಿಜ, ಆದರೆ ಮುಂದಿನ ನಾಲ್ಕು ಹಲ್ಲು ಮಾತ್ರ. ಬ್ಯಾಟರಿ ಬ್ರಷ್ ತಂದೆ. ಭಾರ ಅಂದಳು, ಕಚಗುಳಿ ಅಂದಳು, ಪೆಟ್ಟಿಗೆಗೆ ವಾಪಸ್ ಹೋಯಿತು. ಕೊನೆಗೆ ಕೆಲಸಕ್ಕೆ ಬಂದಿದ್ದು ಸೈಕಲ್ ಹ್ಯಾಂಡಲಿನ ರಬ್ಬರ್ ಹಿಡಿ. ಅದರೊಳಗೆ ಮೆತ್ತನೆ ಕೂದಲಿನ ಮಾಮೂಲಿ ಬ್ರಷ್ ತೂರಿಸಿ, ಸಂದಿಗೆ ಬಟ್ಟೆ ತುರುಕಿದೆ. ಮುಷ್ಟಿ ಕಟ್ಟಿ ಹಿಡಿಯಲು ಬಂತು. ಬಟ್ಟೆ ಒದ್ದೆಯಾಗುತ್ತದೆ, ಅದಕ್ಕೆ ಎರಡು ದಿನಕ್ಕೊಮ್ಮೆ ಬದಲಿಸುತ್ತೇನೆ.

ಬೆಳಗ್ಗೆ ಅವಳೇ ಉಜ್ಜುತ್ತಾಳೆ, ರಾತ್ರಿಯದ್ದು ನನ್ನ ಪಾಳಿ. ನಿದ್ದೆಯಲ್ಲಿ ಜೊಲ್ಲು ಇನ್ನೂ ಕಡಿಮೆ, ಹಾಗಾಗಿ ರಾತ್ರಿಯದ್ದನ್ನು ತಪ್ಪಿಸುವ ಹಾಗಿಲ್ಲ. ಮೊದಮೊದಲು ಎದುರು ನಿಂತು ಉಜ್ಜುತ್ತಿದ್ದೆ. ಏನೂ ಕಾಣುತ್ತಿರಲಿಲ್ಲ, ಅವಳ ಕತ್ತು ಹಿಂದೆ ಹೋಗುತ್ತಿತ್ತು, ನೊರೆ ಗಂಟಲಿಗೆ ಇಳಿದು ಕೆಮ್ಮು. ಈಗ ಅಮ್ಮ ಕುರ್ಚಿಯಲ್ಲಿ ಕೂರುತ್ತಾಳೆ. ನಾನು ಹಿಂದೆ ನಿಲ್ಲುತ್ತೇನೆ, ಅವಳ ತಲೆ ನನ್ನ ಹೊಟ್ಟೆಗೆ ಒರಗಿರುತ್ತದೆ. ಎಡಗೈ ಅವಳ ಗದ್ದದ ಕೆಳಗೆ. ಬ್ರಷ್ ಓರೆಯಾಗಿ, ಅರ್ಧ ಹಲ್ಲಿನ ಮೇಲೆ, ಅರ್ಧ ವಸಡಿನ ಅಂಚಿಗೆ. ಪೇಸ್ಟ್ ಬಟಾಣಿ ಕಾಳಿನಷ್ಟು ಸಾಕು, ಜಾಸ್ತಿ ಆದರೆ ನೊರೆಯದ್ದೇ ಕಾಟ. ಮೇಲಿನ ದವಡೆ ಹಲ್ಲು ಉಜ್ಜುವಾಗ "ಆ" ಅನ್ನಿಸಬಾರದು. ಬಾಯಿ ಅರ್ಧ ಮುಚ್ಚಿದರೆ ಕೆನ್ನೆ ಸಡಿಲವಾಗಿ ಬ್ರಷ್‌ಗೆ ಜಾಗ ಸಿಗುತ್ತದೆ. ಇದು ಗೊತ್ತಾಗಲು ನನಗೆ ಒಂದು ತಿಂಗಳು ಬೇಕಾಯಿತು.

ಮೊದಲ ವಾರ ವಸಡಿನಿಂದ ರಕ್ತ ಬಂತು. ಹೆದರಿ ಎರಡು ದಿನ ಬಿಟ್ಟೆ. ಫೋನ್ ಮಾಡಿದರೆ ಡಾಕ್ಟರ್, "ರಕ್ತ ಬರೋ ಕಡೆನೇ ಕೊಳೆ ಕೂತಿರೋದು, ಮೆತ್ತಗೆ ಉಜ್ಜಿ, ಬಿಡಬೇಡಿ" ಅಂದರು. ಹತ್ತು ಹನ್ನೆರಡು ದಿನದಲ್ಲಿ ನಿಂತಿತು.

ಅಮ್ಮನಿಗೆ ಮೇಲಿನ ಸಾಲಿನಲ್ಲಿ, ಬೇಕೆಂದಾಗ ತೆಗೆದು ಮತ್ತೆ ಹಾಕಿಕೊಳ್ಳುವ ಕಟ್ಟು ಹಲ್ಲಿನ ಅರ್ಧ ಸೆಟ್ ಇದೆ. ಅದರ ವಿಷಯದಲ್ಲಿ ನಾನು ಮಾಡಿದ ಎಡವಟ್ಟು ಹೇಳಲೇಬೇಕು. ಚೆನ್ನಾಗಿ ಶುದ್ಧ ಆಗಲಿ ಅಂತ ಕುದಿಯುವ ನೀರಿಗೆ ಹಾಕಿದೆ. ಸೊಟ್ಟಗಾಯಿತು! ಹೊಸದು ಮಾಡಿಸುವವರೆಗೆ ಅಮ್ಮ ನನ್ನನ್ನು ಆಡಿಕೊಂಡಿದ್ದು ಅಷ್ಟಿಷ್ಟಲ್ಲ. ಈಗ ತಣ್ಣೀರು, ಸ್ವಲ್ಪ ಸೋಪು, ಬೇರೆ ಬ್ರಷ್. ಪೇಸ್ಟ್ ಹಾಕುವುದಿಲ್ಲ, ಅದರ ತರಿಗೆ ಸೆಟ್ಟಿನ ಮೇಲೆ ಗೀರು ಬಿದ್ದು ಕೊಳೆ ಅಲ್ಲೇ ಕೂರುತ್ತದೆ. ತೊಳೆಯುವಾಗ ಕೆಳಗೆ ನೀರು ತುಂಬಿದ ಬೋಗುಣಿ ಇಟ್ಟುಕೊಳ್ಳುತ್ತೇನೆ, ಕೈಜಾರಿದರೂ ಒಡೆಯುವುದಿಲ್ಲ. ರಾತ್ರಿ ಸೆಟ್ ಬಾಯಿಂದ ಹೊರಗೆ, ನೀರಿನಲ್ಲಿ. ಮೊದಲು ಹಾಕಿಕೊಂಡೇ ಮಲಗುತ್ತಿದ್ದಳು. ಅದರ ಅಡಿಯಲ್ಲಿ ಅಂಗುಳ ಸೆಟ್ಟಿನದೇ ಆಕಾರದಲ್ಲಿ ಕೆಂಪಗೆ ಇತ್ತು, ಒಂಥರಾ ಶಿಲೀಂಧ್ರದ ಸೋಂಕು. ಅದಕ್ಕೂ ನೋವಿರಲಿಲ್ಲ, ನೋಡಿ.

ಹಲ್ಲು ಕ್ಲೀನ್ ಮಾಡಿಸಿದರೆ ಸಡಿಲ ಆಗುತ್ತವೆ ಅಂತ ಅಮ್ಮನ ವಾದ. ಮಾಡಿಸಿದ ಮೇಲೆ ಕೆಳಗಿನ ಮುಂದಿನ ಹಲ್ಲುಗಳು ಸ್ವಲ್ಪ ಅಲ್ಲಾಡಿದ್ದೂ ಹೌದು. ಆದರೆ ಅವು ಮೊದಲೇ ಸಡಿಲವಾಗಿದ್ದವು, ಗಟ್ಟಿ ಪಾಚಿ ಸಿಮೆಂಟಿನ ಹಾಗೆ ಹಿಡಿದಿತ್ತು ಅಷ್ಟೇ. ಆ ಪಾಚಿಯೇ ವಸಡನ್ನು ತಿನ್ನುತ್ತಿದ್ದುದು. ಸಕ್ಕರೆ ಕಾಯಿಲೆ ಇದ್ದವರಿಗೆ ಇದು ಎರಡೂ ಕಡೆಯ ಹೊಡೆತ. ಸಕ್ಕರೆ ಏರಿದರೆ ವಸಡು ಕೆಡುತ್ತದೆ, ವಸಡು ಕೆಟ್ಟರೆ ಸಕ್ಕರೆ ಹತೋಟಿಗೆ ಬರುವುದು ಕಷ್ಟ.

ಮುರಿದ ಹಲ್ಲಿನ ಬೇರು ತೆಗೆಸುವ ಹಿಂದಿನ ದಿನ, ರಕ್ತ ತೆಳ್ಳಗಾಗುವ ಮಾತ್ರೆಯನ್ನು ನಾನೇ ನಿಲ್ಲಿಸಲು ಹೊರಟಿದ್ದೆ. ಪುಣ್ಯಕ್ಕೆ ಒಂದು ಮಾತು ಕೇಳಿದೆ. ಹಲ್ಲಿನ ಡಾಕ್ಟರ್ ಹೃದಯದ ಡಾಕ್ಟರ್ ಹತ್ತಿರ ಮಾತಾಡಿ, ನಿಲ್ಲಿಸಬೇಡಿ ಅಂದರು. ಮೂಳೆ ಗಟ್ಟಿಯಾಗಲು ಇಂಜೆಕ್ಷನ್, ಮಾತ್ರೆ ಏನಾದರೂ ತೆಗೆದುಕೊಂಡಿದ್ದಾರಾ ಅಂತಲೂ ವಿಚಾರಿಸಿದರು. ಅಂಥವುಗಳಲ್ಲಿ ಕೆಲವು ತೆಗೆದುಕೊಂಡವರಲ್ಲಿ, ಅಪರೂಪಕ್ಕೆ, ಹಲ್ಲು ಕಿತ್ತ ಮೇಲೆ ದವಡೆ ಮೂಳೆ ಮಾಯುವುದಿಲ್ಲವಂತೆ.

ಈಗ ಭಾನುವಾರ ಬೆಳಗ್ಗೆ ಟಾರ್ಚ್ ಹಿಡಿಯುತ್ತೇನೆ. ಸೆಟ್ ತೆಗೆಸಿ, ಬುಡದ ಗೆರೆಗಳು, ಕೆನ್ನೆಯ ಒಳಗೆ, ನಾಲಿಗೆ ಎತ್ತಿಸಿ ಅದರ ಅಡಿ, ಅಂಚು. ಬಿಳಿ ಅಥವಾ ಕೆಂಪು ಮಚ್ಚೆ, ಗಂಟು, ಎರಡು ವಾರವಾದರೂ ಮಾಯದ ಹುಣ್ಣು ಕಂಡರೆ ಫೋನ್. ಒಂದು ಹಲ್ಲೂ ಇಲ್ಲದವರಿಗೂ ಇದು ಬೇಕು, ಹುಣ್ಣಿಗೆ ಹಲ್ಲಿನ ಹಂಗಿಲ್ಲವಲ್ಲ. ಐದು ನಿಮಿಷದ ಕೆಲಸ. ಡಾಕ್ಟರ್ ಹತ್ತಿರ ಮೂರು ತಿಂಗಳಿಗೊಮ್ಮೆ. ಎಲ್ಲರಿಗೂ ಇಷ್ಟು ಬೇಕಿಲ್ಲ, ಅಮ್ಮನ ಬಾಯಿ ಒಣಗುವುದರಿಂದ ಅವರು ಹಾಕಿಕೊಟ್ಟ ಲೆಕ್ಕ ಇದು.

ಆ ಮೂರು ಹಲ್ಲುಗಳಲ್ಲಿ ಎರಡಕ್ಕೆ ಫಿಲ್ಲಿಂಗ್ ಆಗಿದೆ. ಮೂರನೆಯದರ ಗೆರೆ ಮೊದಲು ಮೆತ್ತಗಿತ್ತು, ಈಗ ಕಪ್ಪಾಗಿ ಗಟ್ಟಿಯಾಗಿದೆ. ಹಾಗೆ ಗಟ್ಟಿಯಾದರೆ ಹುಳುಕು ನಿಂತಿದೆ ಅಂತ ಅರ್ಥವಂತೆ, ಸದ್ಯಕ್ಕೆ ಮುಟ್ಟುವುದು ಬೇಡ ಅಂದಿದ್ದಾರೆ. "ಕಪ್ಪಗೆ ಕಾಣುತ್ತೆ, ಚೆನ್ನಾಗಿಲ್ಲ" ಅಂತ ಅಮ್ಮನ ತಕರಾರು. ಮುಂದಿನ ಸಲ ಅದನ್ನು ಡಾಕ್ಟರ್ ಹತ್ತಿರ ಅವಳೇ ಹೇಳುತ್ತಾಳಂತೆ.